ಜವಳಿನಲ್ಲಿ ನೀರಿತ್ತು ಎಂದು ಹೇಳಿದ ಬೇಸಿಗೆ

ಕಳೆದ ವಾರ ಮೊಮ್ಮಗಳು ಕಿಟಕಿಯ ಹತ್ತಿರ ಕುಳಿತು ಉಗುರಿನ ಹಳೆಯ ಬಣ್ಣ ತೆಗೆಯುತ್ತಿದ್ದಳು. ಅದಕ್ಕೆಂದು ತಂದಿದ್ದ ಚಿಕ್ಕ ಶೀಶೆಯ ಮುಚ್ಚಳ ತಿರುಗಿಸಿದ್ದೇ ತಡ, ಆ ವಾಸನೆ ನನ್ನ ಮೂಗಿಗೆ ಹೊಡೆಯಿತು. ಸಿಹಿಯಾದ, ಕಣ್ಣಿಗೆ ಚುಚ್ಚುವ ವಾಸನೆ. ಊಟದ ತಾಟು ಹಾಗೇ ಬಿಟ್ಟು ಎದ್ದು ಹೊರಗೆ ಬಂದು ಓಣಿಯಲ್ಲಿ ನಿಂತೆ.

"ಯಾಕ ಮುತ್ಯಾ, ವಾಂತಿ ಬಂತೇನು?" ಎಂದು ಹಿಂದೆಯೇ ಬಂದಳು. "ಇಷ್ಟ್ ಸಣ್ಣ ಶೀಶಾಕ್ಕ ಹಿಂಗ ಓಡಿ ಬಂದ್ರ ಹ್ಯಾಂಗ? ನಂದು ಇನ್ನ ಒಂದು ಕೈ ಉಳದದ."

"ಮಾಡ್ಕೋ ಅವ್ವಾ. ನಾ ಇಲ್ಲೇ ನಿಂದರ್ತೇನಿ," ಎಂದೆ.

ಅವಳಿಗೆ ಕಾರಣ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಓದಲಿ.

ನಾನು ಶಿಕ್ಷೆಯಾದವನು. ಔರಾದದ ಕೋರ್ಟಿನಲ್ಲಿ ಎರಡನೆಯ ಆರೋಪಿಯಾಗಿ ನಿಂತು, ಒಂದೂವರೆ ವರ್ಷ ಬೀದರದ ಜೈಲಿನಲ್ಲಿ ಕಳೆದು ಬಂದವನು. ಯಾರೂ ನನ್ನನ್ನು ಸಿಕ್ಕಿಸಿ ಹಾಕಲಿಲ್ಲ. ಮಾಡಿದ್ದೆ, ಹೋದೆ. ಇವತ್ತಿಗೂ ನೆಂಟರಿಷ್ಟರು ಎದುರಿಗೆ ಸಿಕ್ಕರೆ, "ಬರಗಾಲದಾಗ ರೈತ ಏನ್ ಮಾಡ್ತಾನ್ರಿ, ಹೊಟ್ಟಿಪಾಡು" ಎಂದು ನನ್ನ ಪರವಾಗಿ ಮಾತನಾಡುತ್ತಾರೆ. ಆ ಮರುಕ ನನಗೆ ಬೇಡ. ನನ್ನ ಮೇಲೆ ಸಾಲವಿರಲಿಲ್ಲ. ನೆಲದೊಳಗಿನ ಹಗೇವಿನಲ್ಲಿ ಜೋಳವಿತ್ತು. ಊರಿನ ಬಾವಿಗಳೆಲ್ಲ ಬತ್ತಿದ ವರ್ಷ ನಮ್ಮ ದೊಡ್ಡ ಮನೆಯ, ಅಂದರೆ ವಾಡೆಯ, ಬೋರು ಮಾತ್ರ ನೀರೆತ್ತುತ್ತಿತ್ತು. ನಾವು ಮೂವರು, ನಾನು, ನನ್ನ ಚಿಕ್ಕಪ್ಪನ ಮಗ ಮಾಣಿಕರಾವ್, ಪಕ್ಕದ ಹೊಲದ ವೈಜಿನಾಥ, ಭಾಲ್ಕಿಯಲ್ಲಿ ತೊಗರಿ ಬೇಳೆಯ ಮಿಲ್ಲು ಹಾಕಬೇಕೆಂದುಕೊಂಡಿದ್ದೆವು. ಹಸಿವಲ್ಲ, ಮಿಲ್ಲು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸಲೀಸು.

ನಮ್ಮ ಊರು ಔರಾದ ತಾಲ್ಲೂಕಿನಲ್ಲಿ, ಚಿಂತಾಕಿಯ ಕಡೆಗೆ. ಊರ ತೆಂಕಣ ತಗ್ಗಿಗೆ ಜವಳು ಎನ್ನುತ್ತಿದ್ದರು. ಕೆರೆಯಲ್ಲ, ಹಳ್ಳವೂ ಅಲ್ಲ. ಮಳೆಗಾಲದಲ್ಲಿ ನೀರು ಹರಡಿಕೊಂಡು ನಿಲ್ಲುವ ಕೆಸರು ನೆಲ. ಒಳ್ಳೆಯ ವರ್ಷ ಅಲ್ಲಿ ಆಳೆತ್ತರ ಜೊಂಡು ಬೆಳೆಯುತ್ತಿತ್ತು, ಕೊಕ್ಕರೆಗಳು ಬೆಳ್ಳಗೆ ಇಳಿಯುತ್ತಿದ್ದವು, ಎಮ್ಮೆಗಳು ಕುತ್ತಿಗೆಯವರೆಗೆ ಮುಳುಗಿ ಸಂಜೆ ಕರೆದರೂ ಬರುತ್ತಿರಲಿಲ್ಲ. ಅದರ ನಡುವಿನ ಭಾಗ ಸರ್ಕಾರದ್ದು. ಸುತ್ತಲ ಅಂಚು ನಮ್ಮ ಮೂವರ ಪಟ್ಟಾ ಜಮೀನು.

ಜವಳಿನ ನಿಜವಾದ ಬೆಲೆ ಗೊತ್ತಾಗುತ್ತಿದ್ದುದು ಅದು ಒಣಗಿದಾಗ. ಮೇಲೆ ಹಪ್ಪಳದಂತೆ ಸಿಡಿದ ಮಣ್ಣು. ಎರಡಾಳು ಆಳ ಅಗೆದರೆ ಕೆಳಗೆ ತಣ್ಣನೆಯ ನೀರು. ಆ ಗುಂಡಿಗೆ ಒರತೆ ಎನ್ನುತ್ತೇವೆ. ಒಂದೊಂದು ಮನೆಗೆ ಒಂದೊಂದು ಒರತೆ; ಅಜ್ಜ ಅಗೆದಲ್ಲಿಯೇ ಮೊಮ್ಮಗನೂ ಅಗೆಯಬೇಕು. ಮಳೆ ಹೋದ ವರ್ಷ ಊರಿನ ಅರ್ಧ ಜನ ಟೋಳಿ ಕಟ್ಟಿಕೊಂಡು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದರು, ಕೆಲವರು ಹೈದರಾಬಾದಿಗೆ. ಹೋಗುವ ಮುಂಚೆ ಒರತೆಗೆ ಬೇವಿನ ಸೊಪ್ಪು, ತೊಗರಿ ಕಟ್ಟಿಗೆ ಹಾಸಿ, ಮೇಲೆ ಚಪ್ಪಡಿ ಎಳೆದು ಮಣ್ಣು ಮುಚ್ಚುವರು. ಮನೆಯ ಕೀಲಿಯನ್ನು ಊರ ಪಾಟೀಲರಾದ ನಮ್ಮ ವಾಡೆಗೆ ತಂದು ಕೊಡುವರು. ಕೀಲಿ ಇಟ್ಟುಕೊಳ್ಳುವವನೇ ಜವಳಿಗೆ ಬಂದು ಆ ಚಪ್ಪಡಿಯ ಮೇಲೆ ಕೊನೆಯ ಹಿಡಿ ಮಣ್ಣು ಹಾಕಬೇಕು. ಇನ್ನು ಮೇಲೆ ಒರತೆ ಮಲಗಿತು, ಕಾಯುವುದು ನಿನ್ನ ಹೊಣೆ ಎಂದು ಅದರ ಅರ್ಥ. ತಿರುಗಿ ಬಂದವರು ಮೊದಲು ಒರತೆ ಎಬ್ಬಿಸಿ, ಮನೆಯ ಹಿರಿಯ ಒಂದು ಬೊಗಸೆ ಕುಡಿದು, ಉಳಿದದ್ದನ್ನು ತಂದು ಹೊಸ್ತಿಲಿಗೆ ಚಿಮುಕಿಸಿ ಆಮೇಲೆ ಕೀಲಿ ತೆಗೆಯುವರು. ನಮ್ಮ ಅಪ್ಪ ಹೀಗೆ ಮಣ್ಣು ಹಾಕಿದ್ದ, ಅವರಪ್ಪ ಹಾಕಿದ್ದ. ಆ ವರ್ಷವೂ ನಾನೇ ಹಾಕಿದೆ.

ದಸರೆ ಮುಗಿದ ವಾರ ಸುಮನಬಾಯಿ ಮತ್ತು ತುಕಾರಾಮ ಕೀಲಿ ತಂದರು. ಗಂಡ ಹೆಂಡತಿ ಇಬ್ಬರೂ ಕಬ್ಬಿನ ಟೋಳಿಯಲ್ಲಿ ಹೆಸರಾದವರು. ಬೌದ್ಧ ಮನೆತನ; ಮಗಳು ವೈಶಾಲಿಯನ್ನು ಓದಿಸಿ ಔರಾದದ ಹೈಸ್ಕೂಲಿನಲ್ಲಿ ಟೀಚರ್ ಮಾಡಿದ್ದರು. ಅವಳಿಗೆ ನೌಕರಿ ಆದಾಗ ನಾನೇ ಪೇಢೆ ಹಂಚಿಸಿದ್ದೆ.

"ಮಗಳು ಟೀಚರ್ ಆದ ಮ್ಯಾಲೂ ಕಬ್ಬು ಕಡಿಯೂ ಕೋಯ್ತಾ ಹಿಡ್ಕೊಂಡು ಯಾಕ ಹೊಂಟೀರಿ?" ಎಂದು ಕೇಳಿದೆ.

"ಮಗಳ ಪಗಾರ ಮಗಳಿಗಿ, ನಮ್ಮ ರಟ್ಟಿ ನಮಗ ಕಾಕಾ," ಎಂದಳು ಸುಮನಬಾಯಿ. "ಕೀಲಿ ಜ್ವಾಕಿ. ಹ್ವಾದ್ ಸಲ ನಿಮ್ಮ ವಾಡೇದಾಗಿನ ಇಲಿ ದಾರ ಕಡದು ನಮ್ಮ ಕೀಲಿ ಕೆಳಗ ಬೀಳಿಸಿತ್ತು."

"ಆ ಇಲಿಗಿ ಪಗಾರ ಬಂದ್ ಮಾಡೇನಿ, ಹೋಗು," ಎಂದೆ.

ತುಕಾರಾಮ ನಕ್ಕ. ಮೂವರೂ ಜವಳಿಗೆ ಹೋದೆವು. ಅವನು ಚಪ್ಪಡಿ ಎಳೆದ. ನಾನು ಮಣ್ಣು ಹಾಕಿದೆ.

ಅದೇ ತಿಂಗಳು ಮಾಣಿಕರಾವ್ ಒಬ್ಬ ದಲ್ಲಾಳಿಯನ್ನು ಕರೆದುಕೊಂಡು ಬಂದ. ಗಡಿಯಾಚೆ ಯಾವುದೋ ಔಷಧಿ ಕಾರ್ಖಾನೆಯ ನೀರು, ತೊಳೆದು ಬಿಟ್ಟ ನೀರು, ಚೆಲ್ಲಲು ಜಾಗ ಬೇಕು ಎಂದ. ಊರಲ್ಲಿ ಜನವಿಲ್ಲ, ಜವಳಿನಲ್ಲಿ ನೀರಿಲ್ಲ, ಜಮೀನು ನಿಮ್ಮದೇ ಎಂದ.

"ಕೆಳಗ ಒರತಿ ಅವ," ಎಂದೆ ನಾನು. ಇದನ್ನು ನಾನು ಹೇಳಿದ್ದು ನಿಜ. ಹೇಳಿ ಸುಮ್ಮನಾದದ್ದೂ ನಿಜ.

"ಮಲಗಿದ ಒರತಿ ಅಣ್ಣಾ," ಎಂದ ಮಾಣಿಕ. "ಮುಚ್ಚಿ ಚಪ್ಪಡಿ ಹಾಕ್ಯಾರ. ಮತ್ತ ಎರಿ ಹ್ಯಾಂಗ ಬಾಯಿ ಬಿಟ್ಟದ ನೋಡು. ಎಷ್ಟ್ ಹೊಯ್ದರೂ ನುಂಗ್ತದ. ಒಂದ್ ಮಳಿ ಬಿದ್ರ ಬಾಯಿ ಮುಚ್ಕೋತದ, ಮುಗೀತು."

ಆ ಮಾತನ್ನು ನಾನು ನಂಬಿದೆ. ನಂಬುವುದು ಸುಲಭವೂ ಆಗಿತ್ತು. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕರಿ ಮಣ್ಣು ಸೀಳಿದರೆ ತೋಳು ಇಳಿಸಿದಷ್ಟೂ ಹೋಗುತ್ತದೆ. ಒಡೆದ ಗಾಜು, ಸತ್ತ ಕೋಳಿ, ಟ್ರಾಕ್ಟರಿನ ಸುಟ್ಟ ಎಣ್ಣೆ, ಬೇಡವಾದದ್ದೆಲ್ಲ ನಾವು ಹುಟ್ಟಿದಾಗಿನಿಂದ ಬಿರುಕಿಗೆ ಹಾಕುತ್ತ ಬಂದವರು. ಮಳೆ ಬಿದ್ದೊಡನೆ ನೆಲ ಕೂಡಿಕೊಂಡು ಹಾಕಿದ್ದರ ಗುರುತೇ ಇರುವುದಿಲ್ಲ. ಗುರುತಿಲ್ಲದ್ದನ್ನು ಇಲ್ಲ ಎಂದುಕೊಳ್ಳುವ ಚಟ ನಮಗೆ ಈ ಮಣ್ಣಿನಿಂದಲೇ ಬಂದದ್ದು. ಬೀದರ ಶಹರದ ಕೆಂಪು ಕಲ್ಲಿನ ಮೇಲೆ ಬಾಳಿದವರು ಈ ತಪ್ಪು ಮಾಡುತ್ತಿರಲಿಲ್ಲವೇನೋ. ಅಲ್ಲಿ ಚೆಲ್ಲಿದ್ದು ಕಣ್ಣೆದುರೇ ಇರುತ್ತದೆ. ನಮ್ಮ ಬಿರುಕುಗಳು ಕೆಳಗಿನ ನೀರಿಗೆ ನೇರ ದಾರಿ ಎಂಬುದನ್ನು ನಾನು ಅರವತ್ತು ದಾಟುವವರೆಗೆ ಒಮ್ಮೆಯೂ ಯೋಚಿಸಲಿಲ್ಲ.

ಚಳಿಗಾಲ ಪೂರ್ತಿ ಟ್ಯಾಂಕರುಗಳು ಬಂದವು. ಮೊದಲ ದಿನ ನಾನೂ ಹೋಗಿ ನಿಂತು ನೋಡಿದೆ. ಪೈಪಿನಿಂದ ಬಿದ್ದದ್ದು ನೀರಿನಂತೆಯೇ ತಿಳಿಯಾಗಿತ್ತು. ವಾಸನೆ ಮಾತ್ರ ಕಣ್ಣಲ್ಲಿ ನೀರು ತರಿಸಿತು. ಆಮೇಲೆ ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ನೋಡದಿದ್ದರೆ ಮನಸ್ಸು ಹಗುರಾಗಿರುತ್ತಿತ್ತು.

ಯುಗಾದಿಗೆ ಮುಂಚೆ ಟೋಳಿ ತಿರುಗಿ ಬಂತು. ಸುಮನಬಾಯಿ ಮಟಮಟ ಮಧ್ಯಾಹ್ನ ವಾಡೆಗೆ ಬಂದು ಕೀಲಿ ಇಸಿದುಕೊಂಡಳು. ಮೈತುಂಬ ಕಬ್ಬಿನ ಎಲೆ ಕೊಯ್ದ ಗೆರೆಗಳು. ಗಂಡ ಆಗಲೇ ಒರತೆಯ ಕಡೆ ಹೋಗಿದ್ದಾನೆ ಎಂದಳು. ನಾನು ತಡೆಯಬಹುದಿತ್ತು. "ಈ ಸಲ ಒರತಿ ಬ್ಯಾಡ, ನಮ್ಮ ಬೋರಿನ ನೀರ ಒಯ್ಯಿ" ಎಂದರೆ ಸಾಕಿತ್ತು. ಯಾಕೆ ಎಂದು ಅವಳು ಕೇಳುತ್ತಾಳಲ್ಲ ಎಂದು ಬಾಯಿ ಬರಲಿಲ್ಲ. ನನ್ನ ಅಪರಾಧ ಯಾವುದು ಎಂದು ಯಾರಾದರೂ ಕೇಳಿದರೆ ಟ್ಯಾಂಕರು ಎರಡನೆಯದು, ಮೊದಲನೆಯದು ಇದು.

ಬಿಸಿಲಲ್ಲಿ ನಡೆದು ಬಂದ ತುಕಾರಾಮ ಒಂದು ಬೊಗಸೆಗೆ ನಿಲ್ಲಲಿಲ್ಲ. ಹೊಟ್ಟೆ ತುಂಬ ಕುಡಿದ. ವಾಸನೆ ಬಂದರೂ, ತಿಂಗಳುಗಟ್ಟಲೆ ಮುಚ್ಚಿದ್ದಕ್ಕೆ ಬೇವು ಕೊಳೆತಿರಬೇಕು ಎಂದುಕೊಂಡನಂತೆ. ರಾತ್ರಿಯೆಲ್ಲ ವಾಂತಿ. ಮರುದಿನ ಔರಾದದ ದವಾಖಾನೆಯಿಂದ ಬೀದರಕ್ಕೆ ಕಳಿಸಿದರು. ಜೀವ ಉಳಿಯಿತು. ಕಣ್ಣು ಹೋದವು. ಸ್ಪಿರಿಟಿನಂಥ ಯಾವುದೋ ವಿಷ ಕಣ್ಣಿನ ನರ ಸುಟ್ಟಿದೆ ಎಂದು ಡಾಕ್ಟರು ಹೇಳಿದರು. ಅವನ ಹಿಂದೆ ಒರತೆ ಎಬ್ಬಿಸಬೇಕಿದ್ದ ಉಳಿದ ಮನೆಗಳವರು ಅವನನ್ನು ನೋಡಿ ಕೈ ಬಿಟ್ಟರು. ಇಲ್ಲದಿದ್ದರೆ ಊರೇ ಕುರುಡಾಗುತ್ತಿತ್ತು.

ವೈಶಾಲಿ ಅರ್ಜಿ ಕೊಟ್ಟಳು. ಪರಿಸರ ಇಲಾಖೆಯವರು ಜೀಪಿನಲ್ಲಿ ಬರುವಷ್ಟರಲ್ಲಿ ಮಾಣಿಕ ಟ್ರಾಕ್ಟರ್ ಬಿಟ್ಟು ಜವಳನ್ನು ಈ ತುದಿಯಿಂದ ಆ ತುದಿಗೆ ಸಮ ಮಾಡಿಸಿದ್ದ. ಒರತೆ ಇದ್ದಲ್ಲಿ ಹೊಲ ಕಾಣುತ್ತಿತ್ತು. ದಲ್ಲಾಳಿ ಗಡಿ ದಾಟಿದವನು ತಿರುಗಿ ಸಿಗಲಿಲ್ಲ. ಕಾರ್ಖಾನೆ ಯಾವುದೆಂಬುದು ಕೊನೆಗೂ ತಿಳಿಯಲಿಲ್ಲ. ಕೇಸು ಜಮೀನಿನ ಒಡೆಯರಾದ ನಮ್ಮ ಮೂವರ ಮೇಲೆ ಆಯಿತು. ದೊಡ್ಡವರು ತಪ್ಪಿಸಿಕೊಂಡರು ಎಂದು ಮಾಣಿಕ ಈಗಲೂ ಬಯ್ಯುತ್ತಾನೆ. ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಅವರು ತಪ್ಪಿಸಿಕೊಂಡರೆ ನಾನು ನಿರಪರಾಧಿ ಹೇಗೆ ಆಗುತ್ತೇನೆ? ಬಾಗಿಲು ತೆಗೆದವನು ನಾನು.

ಕೇಸು ಎಳೆದು ಎಳೆದು ವಿಚಾರಣೆಗೆ ಬಂದದ್ದು ಬರದ ಮೂರನೆಯ ಬೇಸಿಗೆಯಲ್ಲಿ. ನಾನು ಹೇಳಹೊರಟಿರುವುದು ಆ ಬೇಸಿಗೆಯ ಕಥೆ. ಹೋಳಿ ಮುಗಿಯುವ ಮುಂಚೆಯೇ ಬಿಸಿಗಾಳಿ ಶುರುವಾಗಿತ್ತು. ಔರಾದದ ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಕಕ್ಷಿದಾರರು, ವಕೀಲರು, ನಾಯಿಗಳು ಒಂದೇ ನೆರಳಿಗೆ ಜಗಳ ಮಾಡುತ್ತಿದ್ದವು. ನಮ್ಮ ವಕೀಲರು ಬೀದರದವರು, ಹೆಸರುವಾಸಿ. ನಮ್ಮ ಪರವಾಗಿ ಅವರು ಕಟ್ಟಿದ ವಾದ ಚಿಕ್ಕದು. ಜವಳು ಎಂಬುದೇ ಇಲ್ಲ. ಕಾಗದದಲ್ಲಿ ಅದು ಒಣ ಬೇಸಾಯದ ಜಮೀನು. ನೀರೇ ಇಲ್ಲದ ಜಾಗದಲ್ಲಿ ನೀರು ಕೆಡುವುದು ಹೇಗೆ?

"ಒರತಿ ಅಂಬೋ ಮಾತು ನಿಮ್ಮ ಬಾಯಾಗ ಬರಬಾರದು," ಎಂದು ಮೂವರಿಗೂ ಹೇಳಿಕೊಟ್ಟಿದ್ದರು. "ಜಡ್ಜ್ ಸಾಹೇಬರು ಏನೇ ಕೇಳಲಿ, ಸುಳ್ಳು ಅನ್ರಿ, ಇಲ್ಲಾ ಗೊತ್ತಿಲ್ಲ ಅನ್ರಿ. ಮೂರನೇ ಮಾತು ಬ್ಯಾಡ."

"ಅಪ್ಪಾರಾವ್‌ಗ ಇನ್ನೊಂದು ಸಲ ಹೇಳ್ರಿ," ಎಂದ ವೈಜಿನಾಥ ನನ್ನ ಕಡೆ ಕೈ ಮಾಡಿ. "ಅವ ಮಾತು ಮಾತಿಗಿ ಬಸವಣ್ಣ ಅಂತಾನ."

"ಬಸವಣ್ಣನ ಹೆಸರು ಹೇಳ್ಕೋತನೇ ಟ್ಯಾಂಕರ್ ಒಳಗ ಬಿಟ್ಟಾನಲ್ಲ, ಏನೂ ಆಗಂಗಿಲ್ಲ ತಗೋರಿ," ಎಂದ ಮಾಣಿಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ತುಕಾರಾಮನ ಸಾಕ್ಷಿಯ ದಿನ ವೈಶಾಲಿ ಅಪ್ಪನ ಕೈ ಹಿಡಿದು ಕಟಕಟೆಗೆ ಹತ್ತಿಸಿದಳು. ನ್ಯಾಯಾಧೀಶರು ಮೈಸೂರು ಕಡೆಯ ಹೆಣ್ಣುಮಗಳು. ಅವನಿಗೆ ಕುರ್ಚಿ ಹಾಕಿಸಿದರು. ನಮ್ಮ ವಕೀಲರು ಎದ್ದರು.

"ಟೋಳಿಯವರು ಊರಿಗಿ ಬರೂ ಮುಂದ ದಾರ್ಯಾಗ ಒಂದು ಕಡಿ ಇಳದಿದ್ರಿ, ಹೌದಲ್ಲ?"

"ಹೌದ್ರಿ. ಚಹಾ ಕುಡಿಲಿಕ್ಕ."

"ಚಹಾ ಅಲ್ಲ. ಕಳ್ಳಭಟ್ಟಿ. ಕೆಟ್ಟ ಸರಾಯಿ ಕುಡದು ಕಣ್ಣು ಕಳಕೊಂಡು, ಈಗ ಪಾಟೀಲರ ಹೆಸರು ಹೇಳ್ಲಕತ್ತೀರಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ತುಕಾರಾಮನಿಗೆ ಸಿಟ್ಟು ಬರಲಿಲ್ಲ, ದಿಗಿಲಾಯಿತು. ಹುಟ್ಟಿದಾಗಿನಿಂದ ಹನಿ ಮುಟ್ಟದವನು. ಪಂಚಶೀಲ ತೆಗೆದುಕೊಂಡ ಮನೆಯವನು.

"ನಾ ಕುಡಿಯಂಗಿಲ್ಲ ಸಾಹೇಬ್ರೆ. ನನಗ ನಂಬಲಿಲ್ಲಂದ್ರ ಅಪ್ಪಾರಾವ್ ಕಾಕಾಗ ಕೇಳ್ರಿ. ಇಲ್ಲೇ ಇರಬೇಕು ಅವರು. ಮಾಡಬಾರದ್ದು ಮಾಡ್ಯಾರ, ಅದು ಬ್ಯಾರೆ. ಆದ್ರ ತುಕಾರಾಮ ಕುಡಿಯಂಗಿಲ್ಲಂತ ಅವರಿಗಿ ಗೊತ್ತದ. ಹೇಳ್ರಿ ಕಾಕಾ."

ನನ್ನನ್ನು ಹುಡುಕಿ ಅವನು ಮುಖ ತಿರುಗಿಸಿದ್ದು ಗೋಡೆಯ ಕಡೆಗೆ. ನಾನು ನಿಂತದ್ದು ಅವನ ಬಲಕ್ಕೆ. ಅವನು ಗೋಡೆಯನ್ನು ನೋಡುತ್ತ ನನ್ನ ಉತ್ತರಕ್ಕೆ ಕಾದ. ವಕೀಲರು "ಆರೋಪಿ ಸಾಕ್ಷಿ ಹೇಳಂಗಿಲ್ಲ" ಎಂದು ಮಾತು ಮುಗಿಸಿದರು. ನಾನು ಕಟಕಟೆಯ ಕಟ್ಟಿಗೆ ಹಿಡಿದುಕೊಂಡೆ.

ಆರೋಪಿಗಳ ಹೇಳಿಕೆ ಬರೆದುಕೊಳ್ಳುವ ದಿನ ಮಾಣಿಕನ ಸರದಿ ಮೊದಲು. ಎಲ್ಲದಕ್ಕೂ "ಸುಳ್ಳು" ಎಂದು ಇಳಿದ. ಆಮೇಲೆ ನಾನು.

"ಆ ಸ್ಥಳದಲ್ಲಿ ಜನ ಕುಡಿಯುವ ನೀರು ತೆಗೆಯುತ್ತಿದ್ದರು ಎಂದು ಸಾಕ್ಷಿಗಳು ಹೇಳಿದ್ದಾರೆ. ಏನನ್ನುತ್ತೀರಿ?" ಎಂದು ನ್ಯಾಯಾಧೀಶರು ಕೇಳಿದರು.

"ಖರೆ ಅದರಿ," ಎಂದೆ.

ಅವರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ನಮ್ಮ ವಕೀಲರು, "ಆರೋಪಿಗಿ ಪ್ರಶ್ನಾ ತಿಳದಿಲ್ಲ ಮೇಡಂ" ಎಂದರು.

"ತಿಳದದರಿ," ಎಂದೆ. "ಅದು ಜವಳು. ಮ್ಯಾಲ ಒಣಗಿದ್ರೂ ಕೆಳಗ ನೀರು ಇರ್ತದ. ಟ್ಯಾಂಕರ್ ಬಿಟ್ಟವರು ನಾವು. ತುಕಾರಾಮನ ಒರತಿ ಮ್ಯಾಲ ಕಡೀ ಮಣ್ಣು ಹಾಕಿದವ ನಾ. ಅವ ಕುಡಿಯಂಗಿಲ್ಲ, ಅದೂ ಖರೆ."

"ನೀವು ಹೇಳುವುದು ನಿಮಗೇ ವಿರುದ್ಧವಾಗುತ್ತದೆ. ಯಾರಾದರೂ ಒತ್ತಾಯ ಮಾಡಿದ್ದಾರೆಯೇ?"

"ಇಲ್ಲರಿ. ಒತ್ತಾಯ ಇದ್ದದ್ದು ಸುಳ್ಳು ಹೇಳಲಿಕ್ಕ."

ಅಷ್ಟರಿಂದ ಕೇಸು ಮುಗಿಯಲಿಲ್ಲ. ಒಬ್ಬ ಆರೋಪಿಯ ಮಾತು ಉಳಿದಿಬ್ಬರನ್ನು ಕಟ್ಟುವುದಿಲ್ಲ. ಜವಳು ಇತ್ತು ಎನ್ನಲು ನೆಲವೇ ಮಾತನಾಡಬೇಕು ಎಂದು ವಾದವಾಯಿತು. ಸರ್ಕಾರಿ ವಕೀಲರು ಸ್ಥಳ ನೋಡಬೇಕೆಂದು ಬೇಡಿದರು. ನ್ಯಾಯಾಧೀಶರು ಬರುತ್ತೇನೆ ಎಂದರು.

ಆ ದಿನಕ್ಕೂ ಸ್ಥಳ ನೋಡುವ ದಿನಕ್ಕೂ ನಡುವೆ ನಮ್ಮ ವಾಡೆಯಲ್ಲಿ ಯಾರೂ ನನ್ನ ಜೊತೆ ಊಟಕ್ಕೆ ಕೂಡಲಿಲ್ಲ. ಭಾಲ್ಕಿ ತಾಲ್ಲೂಕಿನ ಮೆಹಕರಕ್ಕೆ ಕೊಟ್ಟ ಮಗಳು ಕಸ್ತೂರಿ ಬಸ್ಸು ಹಿಡಿದು ಓಡಿ ಬಂದಳು.

"ಅಪ್ಪಾ, ನಮ್ಮತ್ತಿ ಮನ್ಯಾಗ ನಾ ಹ್ಯಾಂಗ ತಲಿ ಎತ್ಲಿ? ಕಳ್ಳನ ಮಗಳು ಅಂತಾರ."

"ಕಳ್ಳನ ಮಗಳೇ ಇದ್ದಿ. ಒಪ್ಪಿಕೊಂಡ ಕಳ್ಳನ ಮಗಳು ಅಂತ ಹೇಳು."

ಒಂದು ಗಳಿಗೆ ಅತ್ತಳು. ಮೂಗು ಒರೆಸಿಕೊಂಡು, "ಊಟ ಮಾಡಿಯೇನು?" ಎಂದು ಕೇಳಿ ರೊಟ್ಟಿ ಬಡಿಯಲು ಕೂತಳು. ಅವತ್ತು ನನ್ನ ಎದುರು ತಾಟು ಇಟ್ಟುಕೊಂಡವಳು ಅವಳೊಬ್ಬಳೇ.

ಸ್ಥಳ ನೋಡುವ ದಿನ ಇಡೀ ಊರು ಜವಳಿನ ದಂಡೆಗೆ ಬಂದಿತ್ತು. ಟ್ರಾಕ್ಟರ್ ಹೊಡೆದ ನೆಲ ತವೆಯಂತೆ ಕಾದಿತ್ತು. ನ್ಯಾಯಾಧೀಶರು ಛತ್ರಿ ಹಿಡಿದು ನಿಂತು, "ಎಲ್ಲಿ?" ಎಂದರು. ಒಂದು ಹುಲ್ಲುಕಡ್ಡಿಯ ಗುರುತೂ ಇರಲಿಲ್ಲ. ಮಾಣಿಕ ಕೈಕಟ್ಟಿ ನಗುತ್ತಿದ್ದ.

ನನಗೆ ಗುರುತು ಬೇಕಿರಲಿಲ್ಲ. ಎಷ್ಟು ವರ್ಷ ನಾನು ಕೀಲಿ ಇಸಿದುಕೊಂಡು ಅಲ್ಲಿಗೆ ನಡೆದು ಬಗ್ಗಿ ಮಣ್ಣು ಹಾಕಿದ್ದೆನೋ! ಊರ ಹುಣಸೆ ಎಡ ಹೆಗಲಿಗೆ, ಚಿಂತಾಕಿ ದಾರಿಯ ದಿಬ್ಬ ಎದುರಿಗೆ ಬರುವಂತೆ ನಿಂತೆ. ಕಾಲು ತಾನಾಗಿ ನಿಂತಿತು. ಸಲಿಕೆ ತೆಗೆದುಕೊಂಡೆ. ಪೊಲೀಸನೊಬ್ಬ ಆಳು ಕರೆಯುತ್ತೇನೆ ಎಂದ. ಬೇಡ ಎಂದೆ.

"ಪಾಟೀಲ್ರ ಕೈಯಾಗ ಸಲಕಿ ಚಂದ ಕಾಣ್ತದ ನೋಡವ್ವಾ," ಎಂದಳು ಸುಮನಬಾಯಿ ಮಗಳಿಗೆ, ನನಗೆ ಕೇಳುವಂತೆ. "ಹಿಂಗೇ ಮೊದಲೇ ಹಿಡದಿದ್ರ ಮಿಲ್ಲಿನ ಆಸಿ ಹತ್ತತಿರಲಿಲ್ಲ."

ಎಲ್ಲರೂ ನಕ್ಕರು. ನಗಲಿ ಎಂದು ಅಗೆದೆ. ಸೊಂಟದಾಳ ಇಳಿಯುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಆಗ ಊರ ಹುಡುಗರಿಬ್ಬರು ಕೇಳದೆಯೇ ಇಳಿದು ಎರಡಾಳು ಆಳದವರೆಗೆ ಜೊತೆಗೆ ಅಗೆದರು. ಸಲಿಕೆಗೆ ಕಲ್ಲು ತಾಗಿ ಠಣ್ ಎಂದಿತು. ಟ್ರಾಕ್ಟರ್ ಒಳಗೆ ನೂಕಿದ್ದ ಒಡೆದ ಚಪ್ಪಡಿ. ಅದರ ಕೆಳಗೆ ಕಪ್ಪಾದ ತೊಗರಿ ಕಟ್ಟಿಗೆ. ಕಟ್ಟಿಗೆ ಎಳೆದದ್ದೇ ತಡ, ಬದಿಯಿಂದ ನೀರು ಒಸರಲು ಶುರುವಾಯಿತು. ಮೂರು ವರ್ಷ ಮಳೆ ಕಾಣದ ನೆಲದಲ್ಲಿ ನೀರು. ಅದರ ಜೊತೆ ಆ ವಾಸನೆಯೂ ಎದ್ದಿತು. ದಂಡೆಯ ಮೇಲಿದ್ದವರು ಒಬ್ಬೊಬ್ಬರಾಗಿ ಸೆರಗು, ಟವೆಲು ಮೂಗಿಗೆ ಹಿಡಿದು ಹಿಂದೆ ಸರಿದರು. ನ್ಯಾಯಾಧೀಶರು ಸರಿಯಲಿಲ್ಲ. ನೀರು ತುಂಬಿಸಿಕೊಂಡ ಬಾಟಲಿಗೆ ಅಲ್ಲಿಯೇ ಮೊಹರು ಹಾಕಿಸಿದರು.

ನಾನು ಮೇಲೆ ಬಂದಾಗ ಮಾಣಿಕ ನಗುತ್ತಿರಲಿಲ್ಲ. "ನಿನ್ನ ಕೈಯಾರ ನಮ್ಮ ಕುಣಿ ತೋಡಿದಿ ಅಣ್ಣಾ," ಎಂದ.

"ಕುಣಿ ಅಲ್ಲೋ. ಒರತಿ," ಎಂದೆ.

ತೀರ್ಪು ಬಂದದ್ದು ಮುಂಗಾರಿನ ಮಿರಗ ಮಳೆಗೆ ಮುಂಚಿನ ವಾರ. ಮೂವರೂ ಅಪರಾಧಿಗಳೆಂದಾಯಿತು. ಶಿಕ್ಷೆ ಎಷ್ಟು ಎಂಬ ಮಾತು ಬಂದಾಗ ನಮ್ಮ ವಕೀಲರು ಬಹಳ ಚೆನ್ನಾಗಿ ಮಾತನಾಡಿದರು. ಇವರು ಮಣ್ಣಿನ ಮಕ್ಕಳು, ಬರದಿಂದ ಬಳಲಿದವರು, ಓದು ಕಡಿಮೆ, ವಯಸ್ಸಾದವರು, ದಂಡ ಹಾಕಿ ಬಿಟ್ಟುಬಿಡಿ ಎಂದರು. ನ್ಯಾಯಾಧೀಶರು ನಮ್ಮನ್ನೂ ಕೇಳಿದರು. ಮಾಣಿಕ, ವೈಜಿನಾಥ ಕೈಮುಗಿದರು.

ನಾನು ಹೇಳಿದೆ: "ಮೇಡಂ, ವಕೀಲರು ಹೇಳಿದ್ದರಾಗ ವಯಸ್ಸೊಂದು ಖರೆ. ನಾ ಮೆಟ್ರಿಕ್ ತನಕ ಓದೇನಿ. ಬರದಾಗ ಬಳಲಿದವರು ಕಬ್ಬು ಕಡಿಲಿಕ್ಕ ಹೋಗಿದ್ರು, ನಾವಲ್ಲ. ಅವರು ಇಲ್ಲದಾಗ ಅವರ ನೀರಿಗಿ ವಿಷ ಹಾಕಿದವರು ನಾವು. ಜಮೀನು ನಮ್ಮದಂತ ಹಾಕಿದ್ವಿ. ಜಮೀನು ನಮ್ಮದಿರಬಹುದು, ಅದರ ಕೆಳಗ ಹರಿಯೂದು ನಮ್ಮದಲ್ಲ. ದಂಡ ಹಾಕಿ ಬಿಟ್ರ ಜಮೀನಿದ್ದವರೆಲ್ಲ ದಂಡ ಕಟ್ಟಿ ಇದನ್ನೇ ಮಾಡ್ತಾರ. ಜೈಲಿಗಿ ಕಳಸ್ರಿ. ಮಣ್ಣು ನಮ್ಮ ಖರ್ಚಿನಿಂದ ತಗಸ್ರಿ."

ಕೋರ್ಟಿನಲ್ಲಿ ಹಾಗೆ ಮಾತನಾಡಿದ್ದು ಪುಣ್ಯಾತ್ಮನಾಗಬೇಕೆಂದಲ್ಲ. ನನಗೆ ಆ ದಿನ ಸಿಟ್ಟು ಬಂದಿತ್ತು. ನಮ್ಮ ಪಾಪಕ್ಕೆ ಊರಿನ ಹಸಿವನ್ನು ಹೊದಿಕೆ ಮಾಡುತ್ತಿದ್ದರಲ್ಲ, ಅದಕ್ಕೆ.

ಒಂದೂವರೆ ವರ್ಷ ಜೈಲು, ದಂಡ, ಮೂವರ ಜಮೀನಿನಿಂದಲೂ ಕೆಟ್ಟ ಮಣ್ಣನ್ನು ನಮ್ಮ ಖರ್ಚಿನಲ್ಲಿ ತೆಗೆಸಬೇಕು ಎಂದು ಹುಕುಂ ಆಯಿತು. ಹೊರಗೆ ಬೇವಿನ ಕೆಳಗೆ ತುಕಾರಾಮ ಕುಳಿತಿದ್ದ. ಪೊಲೀಸರನ್ನು ಕೇಳಿಕೊಂಡು ಅವನ ಹತ್ತಿರ ಹೋಗಿ ಕೈ ಹಿಡಿದೆ.

"ತುಕಾರಾಮ, ನಾ. ತಪ್ಪಾಯ್ತು ನಂದು."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ. "ಜವಳು ಮೊದಲಿನಂಗ ಮಾಡಸ್ರಿ ಕಾಕಾ. ಮಾಫಿ ಮಾತು ಆಮ್ಯಾಲ ನೋಡೂಣ," ಎಂದ.

ಮಾಣಿಕ, ವೈಜಿನಾಥ ಬೀದರದ ಜಿಲ್ಲಾ ಕೋರ್ಟಿಗೆ ಅಪೀಲು ಹೋಗಿ ಜಾಮೀನಿನ ಮೇಲೆ ಮನೆಗೆ ಬಂದರು. ಅಪೀಲು ಮುಗಿಯುವವರೆಗೆ ಮಣ್ಣು ತೆಗೆಯುವ ಹುಕುಮೂ ನಿಂತಿತು. ನಾನು ಅಪೀಲು ಮಾಡಲಿಲ್ಲ. ಜೈಲಿಗೆ ಹೋದೆ. ಆ ವರ್ಷ ಮಳೆ ಹಿಡಿದು ಹೊಡೆಯಿತು. ರಾತ್ರಿ ತಗಡಿನ ಮೇಲೆ ಅದು ಬೀಳುವ ಸದ್ದಿಗೆ ಬೇರೆ ಕೈದಿಗಳು ಹಾಡು ಹೇಳುತ್ತಿದ್ದರು. ನಾನು ಕಣ್ಣು ಮುಚ್ಚಿದರೆ ಎರೆ ಬಾಯಿ ಮುಚ್ಚಿಕೊಳ್ಳುವುದು ಕಾಣುತ್ತಿತ್ತು, ಒಳಗಿನದನ್ನು ಒಳಗೇ ಇಟ್ಟುಕೊಂಡು.

ಶ್ರಾವಣ ಕಳೆದ ಮೇಲೆ ಮಾಣಿಕ ನೋಡಲು ಬಂದ. ಕೈಯಲ್ಲಿ ಬಾಳೆಹಣ್ಣು, ಬಗಲಲ್ಲಿ ವಕೀಲರು ಕೊಟ್ಟ ಒಂದು ಕಾಗದ. ಜಾಳಿಗೆಯ ಆಚೆ ಕುಳಿತು ಮೊದಲು ನನ್ನ ಆರೋಗ್ಯ ಕೇಳಿದ. ತಾನು ಈಗ ಬೀದರದ ಹತ್ತಿರದ ಕೊಳಾರದ ಗೋದಾಮಿನಲ್ಲಿ ಮಗನಿಗೆ ಕೆಲಸ ಹಚ್ಚಿದ್ದಾಗಿ ಹೇಳಿದ. ಆಮೇಲೆ ಧ್ವನಿ ಇಳಿಸಿದ.

"ಒಂದೇ ಒಂದು ಸಹಿ ಅಣ್ಣಾ. ವಯಸ್ಸಾಗಿ ಬುದ್ಧಿ ಸ್ಥಿಮಿತ ಇರಲಿಲ್ಲ, ಕೋರ್ಟಿನಾಗ ಏನ್ ಅಂದೆ ನನಗ ನೆನಪಿಲ್ಲ, ಒರತ್ಯಾಗಿನ ಕಲ್ಲು ಕಟ್ಟಿಗಿ ಮುಂಚೇನೇ ನಾನೇ ಹೂತಿಟ್ಟಿದ್ದೆ ಅಂತ. ಅಷ್ಟಾದ್ರ ಅಪೀಲಿನಾಗ ನಾವು ಮೂವರೂ ಬಚಾವ್. ಜವಳೇ ಇರಲಿಲ್ಲ ಅಂದ ಮ್ಯಾಲ ಮಣ್ಣು ತಗಿಯೂ ಮಾತೇ ಇಲ್ಲ. ನಿಂದೂ ಅಪೀಲು ಹಾಕಿ ಜಾಮೀನು ಕೊಡಸ್ತಾರ, ನೀನೂ ಈ ವಾರನೇ ಮನಿಗಿ ಬರ್ತಿ."

"ಹುಚ್ಚ ಅಂತ ಬರದುಕೊಡಬೇಕು."

"ಹುಚ್ಚ ಅಲ್ಲ ಅಣ್ಣಾ. ಮುದುಕ ಆಗ್ಯಾನ, ಅಷ್ಟೇ. ಯಾರ್ ನಗ್ತಾರ? ಎಲ್ಲಾರೂ ಆಗ್ತಾರ."

"ಸಹಿ ಮಾಡಲಿಲ್ಲಂದ್ರ?"

ಅವನ ಮುಖ ಗಟ್ಟಿಯಾಯಿತು. "ಮಾಡಲಿಲ್ಲಂದ್ರ ನಮ್ಮ ಹೊಲ ಹ್ವಾದಂಗ. ಆ ಮಣ್ಣು ತಗಸೂ ಖರ್ಚಿಗಿ ಹೊಲನೇ ಮಾರಬೇಕು. ನಿನ್ನ ಮಾರಿ ನಮ್ಮ ಮನ್ಯಾಗ ಯಾರೂ ನೋಡಂಗಿಲ್ಲ. ನೀ ಸತ್ರ ಹೆಗಲು ಕೊಡ್ಲಿಕ್ಕ ಒಬ್ಬನೂ ಬರಂಗಿಲ್ಲ. ವಿಚಾರ ಮಾಡು."

ನಾನು ವಿಚಾರ ಮಾಡಿದೆ. ಸುಳ್ಳು ಹೇಳುವುದಿಲ್ಲ. ಮನೆ ನೆನಪಾಯಿತು. ವಾಡೆಯ ಅಂಗಳ, ಕಸ್ತೂರಿಯ ರೊಟ್ಟಿ, ನನ್ನ ಹಾಸಿಗೆ. ಮಾಣಿಕನನ್ನು ಚಿಕ್ಕವನಿದ್ದಾಗ ಇದೇ ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬಂದದ್ದೂ ನೆನಪಾಯಿತು. ಕಾಗದ ಕೇಳಿ ಇಸಿದುಕೊಂಡು ಪೂರ್ತಿ ಓದಿದೆ. ಕನ್ನಡ ಚೆನ್ನಾಗಿ ಬರೆದಿದ್ದರು. ಜಾಳಿಗೆಯ ಸಂದಿನಿಂದ ಅದನ್ನು ಹಾಗೆಯೇ ವಾಪಸು ತಳ್ಳಿದೆ.

"ಮಾಣಿಕಾ, ಟ್ಯಾಂಕರ್ ಬಿಡು ಅಂದಾಗ ನನಗ ಬುದ್ಧಿ ಇತ್ತು. ಸುಮನಬಾಯಿ ಕೀಲಿ ಒಯ್ಯೂ ಮುಂದ ಬಾಯಿ ಮುಚ್ಕೊಂಡು ಕುಂತಾಗೂ ಬುದ್ಧಿ ಇತ್ತು. ಕೋರ್ಟಿನಾಗ ಖರೆ ಅಂದಾಗ ಮಾತ್ರ ಇರಲಿಲ್ಲಂತ ಹ್ಯಾಂಗ ಬರಿಲಿ? ನೀ ಹೆಗಲು ಕೊಡಬ್ಯಾಡ, ನಡೀತದ. ನಿನ್ನ ಪಾಲಿನ ಮಣ್ಣು ತಗಿಲಿಕ್ಕ ಶುರು ಮಾಡು. ನಾ ಹೊರಗ ಬಂದ ದಿನ ನನ್ನ ಪಾಲಿಂದು ಶುರು ಮಾಡ್ತೇನಿ."